ಮೂರು ತಿಂಗಳು ನೆಲ ಬಿಡದ ಹಡಗು

ಈ ಸಲ ಹಡಗಿನ ಬಗ್ಗೆ ಬರೀತೀನಿ ಅಂದಾಗ ಕ್ಲಬ್ಬಿನ ಗೆಳೆಯರು ನಕ್ಕರು. ಯಾಕಂದ್ರೆ ನಮ್ಮೂರು ನವಲಗುಂದ. ನಾಲ್ಕೂ ಕಡೆ ಎರಿ ಹೊಲ. ಮಳೆಗಾಲದಲ್ಲಿ ಬೆಣ್ಣಿಹಳ್ಳ ಉಕ್ಕಿದಾಗ ಮಾತ್ರ ನಾವು ದೊಡ್ಡ ನೀರು ನೋಡೋದು. ನಮ್ಮಜ್ಜ ಹಡಗು ನೋಡಿದ್ದು ಟೀವಿಯಲ್ಲಿ ಅಷ್ಟೇ. ಆದರೂ ಈ ಲೇಖನ ಶುರುವಾಗಿದ್ದು ನಮ್ಮ ಹೊಲದಲ್ಲೇ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ಕನ್ನಡ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಕಳೆದ ವರ್ಷ ಹೆಸರು ಒಕ್ಕಿ, ಚೀಲ ತುಂಬಿ ಟ್ರ್ಯಾಲಿಗೆ ಏರಿಸಿದ್ದೆವು. ಅಷ್ಟರಲ್ಲಿ ಮಳೆ ಬಂತು. ಎರಿ ಮಣ್ಣು ಒದ್ದೆ ಆದರೆ ಹೇಗಿರುತ್ತೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಟ್ರ್ಯಾಲಿ ಗಾಲಿ ಅರ್ಧ ಹುಗಿದುಹೋಯಿತು. ಪಕ್ಕದ ಹೊಲದವರ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿದೆವು. ಅಜ್ಜ ಹೇಳಿದರು, "ತಮ್ಮಾ, ಜಗ್ಗೂದು ಆಮ್ಯಾಲೆ. ಮೊದಲ ಚೀಲ ಇಳಸ್ರಿ." ನಾನು ಕೇಳಲಿಲ್ಲ. ಮೊದಲ ವರ್ಷ ಮೆಕ್ಯಾನಿಕ್ಸ್ ಪಾಸಾಗಿದ್ದೆನಲ್ಲ! "ಸ್ಟಾಟಿಕ್ ಫ್ರಿಕ್ಷನ್ ಅಜ್ಜಾ, ಒಂದು ಜರ್ಕ್ ಕೊಟ್ಟರೆ ಸಾಕು" ಅಂತ ಹೇಳಿ ಟ್ರ್ಯಾಕ್ಟರ್ ಹತ್ತಿ ಒಮ್ಮೆಲೇ ಕ್ಲಚ್ ಬಿಟ್ಟೆ. ಹಗ್ಗ ಹರಿಯಿತು. ಹರಿದ ತುದಿ ಹಿಂದೆ ನಿಂತಿದ್ದ ಕಾಕಾನ ಕೈಗೆ ಬಡಿದು ಮಣಿಕಟ್ಟಿನ ಎಲುಬು ಮುರಿಯಿತು.

ಆಮೇಲೆ ಅಜ್ಜ ಚೀಲ ಇಳಿಸಿದರು. ಗಾಲಿ ಮುಂದಿನ ಮಣ್ಣು ತೆಗೆಸಿ ಕಣಿಕಿ ಹಾಸಿದರು. ಖಾಲಿ ಟ್ರ್ಯಾಲಿ ಮೆಲ್ಲಗೆ ಎದ್ದು ಬಂತು.

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ಸಿಕ್ಕಿಬಿದ್ದ ಭಾರಗಳ ಬಗ್ಗೆ ಓದುತ್ತಾ ಹೋದೆ. ಹಾಗೆ ಸಿಕ್ಕಿದ್ದು ಗ್ರೇಟ್ ಈಸ್ಟರ್ನ್ ಅನ್ನೋ ಹಡಗಿನ ಕಥೆ. ಅದನ್ನು ಕಟ್ಟಿದ ಎಂಜಿನಿಯರ್ ನನಗಿಂತ ಸಾವಿರ ಪಟ್ಟು ಬುದ್ಧಿವಂತ. ಆದರೂ ಅವನ ಹಡಗು ಕಟ್ಟಿದ ಜಾಗದಿಂದ ನೀರಿಗೆ ಇಳಿಯಲು ಸುಮಾರು ಮೂರು ತಿಂಗಳು ತೆಗೆದುಕೊಂಡಿತು.

ಹಡಗು ಎಷ್ಟು ದೊಡ್ಡದು?

ಎಂಜಿನಿಯರ್ ಹೆಸರು ಇಸಂಬಾರ್ಡ್ ಕಿಂಗ್ಡಮ್ ಬ್ರೂನೆಲ್. ಇಂಟರ್ನೆಟ್ಟಿನಲ್ಲಿ ನೀವೂ ಅವನ ಫೋಟೋ ನೋಡಿರಬಹುದು: ಎತ್ತರದ ಟೋಪಿ, ಬಾಯಲ್ಲಿ ಸಿಗಾರ್, ಕೆಸರು ಮೆತ್ತಿದ ಪ್ಯಾಂಟು, ಹಿಂದೆ ತೊಡೆ ಗಾತ್ರದ ಕೊಂಡಿಗಳ ಕಬ್ಬಿಣದ ಸರಪಳಿ. 1857ರಲ್ಲಿ ತೆಗೆದ ಆ ಫೋಟೋದಲ್ಲಿ ಇರುವ ಸರಪಳಿ ಇದೇ ಹಡಗನ್ನು ಇಳಿಸಲು ತಂದದ್ದು.

ಆಗಿನ ಸ್ಟೀಮ್ ಹಡಗುಗಳಿಗೆ ದೊಡ್ಡ ಸಮಸ್ಯೆ ಕಲ್ಲಿದ್ದಲು. ಇಂಗ್ಲೆಂಡಿನಿಂದ ಪೂರ್ವ ದೇಶಗಳಿಗೆ ಹೋಗಬೇಕಾದರೆ ದಾರಿಯಲ್ಲಿ ಅಲ್ಲಲ್ಲಿ ನಿಂತು ಕಲ್ಲಿದ್ದಲು ತುಂಬಿಸಿಕೊಳ್ಳಬೇಕು. ಸೂಯೆಜ್ ಕಾಲುವೆ ಇನ್ನೂ ಆಗಿರಲಿಲ್ಲ, ಇಡೀ ಆಫ್ರಿಕಾ ಸುತ್ತಬೇಕು. ಬ್ರೂನೆಲ್ ಐಡಿಯಾ ಸಿಂಪಲ್: ದಾರಿಗೆ ಬೇಕಾದಷ್ಟು ಕಲ್ಲಿದ್ದಲನ್ನು ತಾನೇ ಹೊತ್ತುಕೊಂಡು ಹೋಗುವಷ್ಟು ದೊಡ್ಡ ಹಡಗು ಕಟ್ಟೋಣ.

ಹಾಗಾಗಿ ಉದ್ದ 692 ಅಡಿ, ಅಂದರೆ 211 ಮೀಟರ್. ಅಷ್ಟು ಉದ್ದದ ಹಡಗು ಮತ್ತೆ ಬಂದಿದ್ದು 1899ರಲ್ಲಿ. 4000 ಪ್ರಯಾಣಿಕರಿಗೆ ಜಾಗ. ಮೈಯೆಲ್ಲಾ ಕಬ್ಬಿಣ, ಅದೂ ಎರಡು ಪದರ. ಸುಮಾರು 30 ಲಕ್ಷ ರಿವೆಟ್. ಪಕ್ಕದಲ್ಲಿ ಚಕ್ರ, ಹಿಂದೆ ಪ್ರೊಪೆಲ್ಲರ್, ಮೇಲೆ ಆರು ಪಟಸ್ತಂಭ, ಮೂರೂ ಒಂದರಲ್ಲೇ. 1854ರಲ್ಲಿ ಲಂಡನ್ನಿನ ಮಿಲ್‌ವಾಲ್‌ನಲ್ಲಿ, ಥೇಮ್ಸ್ ನದಿ ದಂಡೆಯಲ್ಲಿ ಕೆಲಸ ಶುರುವಾಯಿತು. ನಡುವೆ 1856ರಲ್ಲಿ ಹಡಗು ಕಟ್ಟುತ್ತಿದ್ದ ಯಾರ್ಡಿನ ಮಾಲೀಕ ಸ್ಕಾಟ್ ರಸೆಲ್ ದಿವಾಳಿಯಾದ, ಕೆಲಸ ನಿಂತು ಮತ್ತೆ ಶುರುವಾಯಿತು.

ಅಡ್ಡಡ್ಡ ಇಳಿಸುವುದು

ಸಾಮಾನ್ಯವಾಗಿ ಹಡಗನ್ನು ನೀರಿನ ಕಡೆ ಇಳಿಜಾರು ಇರುವ ಜಾರುದಾರಿಯ ಮೇಲೆ ಕಟ್ಟುತ್ತಾರೆ. ಮುಗಿದ ಮೇಲೆ ತಡೆ ತೆಗೆದರೆ ಅದು ಹಿಂಭಾಗ ಮುಂದಾಗಿ ಜಾರಿ ನೀರಿಗೆ ಬೀಳುತ್ತೆ. ನಮ್ಮ ಜಾತ್ರೆಯಲ್ಲಿ ತೇರಿನ ಗಾಲಿಗೆ ಕೊಟ್ಟ ಕಟ್ಟಿಗೆ ತೆಗೆದ ಹಾಗೆ. ಆದರೆ 692 ಅಡಿ ಉದ್ದದ ಹಡಗು ಹಾಗೆ ಜಾರಿದರೆ ಎದುರಿನ ದಂಡೆಗೇ ಹೋಗಿ ಗುದ್ದುತ್ತೆ. ಅದಕ್ಕೆ ಬ್ರೂನೆಲ್ ಹಡಗನ್ನು ನದಿಗೆ ಸಮಾನಾಂತರವಾಗಿ ಕಟ್ಟಿಸಿ, ಅಡ್ಡಡ್ಡವಾಗಿ ಇಳಿಸಲು ತೀರ್ಮಾನ ಮಾಡಿದ.

ಈಗ ಲೆಕ್ಕಕ್ಕೆ ಬನ್ನಿ. ಇದು ನಮ್ಮ ಮೊದಲ ಸೆಮಿಸ್ಟರಿನ ಪ್ರಾಬ್ಲಂ ಥರಾನೇ ಇದೆ.

ಇಳಿಸುವಾಗ ಹಡಗಿನ ಭಾರ ಸುಮಾರು 12,000 ಟನ್. ಇಳಿಜಾರು 12ಕ್ಕೆ 1, ಅಂದರೆ 12 ಅಡಿ ಮುಂದೆ ಹೋದರೆ 1 ಅಡಿ ಕೆಳಗೆ. ಕೋನ 5 ಡಿಗ್ರಿಗಿಂತ ಸ್ವಲ್ಪ ಕಡಿಮೆ. ಕೋನ ಇಷ್ಟು ಸಣ್ಣದಿರುವಾಗ ಸೈನ್ ಥೀಟಾ, ಟ್ಯಾನ್ ಥೀಟಾ ಎರಡೂ ಹತ್ತಿರಹತ್ತಿರ ಹನ್ನೆರಡನೇ ಒಂದು. ಆದ್ದರಿಂದ ಹಡಗಿನ ಸ್ವಂತ ಭಾರ ಅದನ್ನು ಕೆಳಗೆ ಜಗ್ಗುವ ಬಲ ಸುಮಾರು 1000 ಟನ್. ಫ್ರಿಕ್ಷನ್ 1000 ಟನ್ನಿಗಿಂತ ಕಡಿಮೆ ಇದ್ದರೆ ಹಡಗು ತಾನೇ ಜಾರುತ್ತೆ, ಜಾಸ್ತಿ ಇದ್ದರೆ ಕೂತಲ್ಲೇ ಕೂರುತ್ತೆ. ಗಡಿ ಎಲ್ಲಿ? ಮ್ಯೂ ಬೆಲೆ 0.083.

ಗಡಿಯ ಎರಡೂ ಕಡೆ ಏನಾಗುತ್ತೆ ನೋಡಿ. ಲೆಕ್ಕಕ್ಕಾಗಿ ಎರಡು ಸಂಖ್ಯೆ ನಾನೇ ಇಟ್ಟುಕೊಳ್ಳುತ್ತೇನೆ.

ಮೊದಲನೆಯದು, ಮ್ಯೂ 0.05. ಫ್ರಿಕ್ಷನ್ 600 ಟನ್. ಉಳಿದ 400 ಟನ್ ಬಲ ಹಡಗನ್ನು ಓಡಿಸುತ್ತೆ. ವೇಗೋತ್ಕರ್ಷ ಗುರುತ್ವದ ಮೂವತ್ತನೇ ಒಂದು ಭಾಗ. ಕಡಿಮೆ ಅನ್ನಿಸುತ್ತಲ್ಲ? 60 ಮೀಟರ್ ಜಾರುವಷ್ಟರಲ್ಲಿ ವೇಗ ಗಂಟೆಗೆ 22 ಕಿಲೋಮೀಟರ್ ದಾಟುತ್ತೆ. 12,000 ಟನ್ ಕಬ್ಬಿಣ ಆ ವೇಗದಲ್ಲಿ ಅಡ್ಡಡ್ಡ ಬರ್ತಿದ್ರೆ ನಿಲ್ಲಿಸೋರು ಯಾರು?

ಎರಡನೆಯದು, ಮ್ಯೂ 0.12. ಫ್ರಿಕ್ಷನ್ 1440 ಟನ್. ಈಗ ಹಡಗು ಅಲುಗಾಡಬೇಕಾದರೆ ಇನ್ನೂ 440 ಟನ್ ಬಲ ನಾವು ಹೊರಗಿಂದ ಕೊಡಬೇಕು.

0.05ಕ್ಕೂ 0.12ಕ್ಕೂ ನಡುವೆ ಇರೋದು 0.07 ಅಷ್ಟೇ. ನಾವು ಲ್ಯಾಬಿನಲ್ಲಿ ಫ್ರಿಕ್ಷನ್ ಎಕ್ಸ್‌ಪೆರಿಮೆಂಟ್ ಮಾಡುವಾಗ ಅಷ್ಟು ತಪ್ಪನ್ನು 'ಎಕ್ಸ್‌ಪೆರಿಮೆಂಟಲ್ ಎರರ್' ಅಂತ ಬರೆದು ರೆಕಾರ್ಡ್ ಸಬ್ಮಿಟ್ ಮಾಡ್ತೀವಿ. ಇಲ್ಲಿ ಆ 0.07ರ ಒಂದು ತುದಿಯಲ್ಲಿ ಹಡಗು ಕೈ ಮೀರಿ ಓಡುತ್ತೆ, ಇನ್ನೊಂದು ತುದಿಯಲ್ಲಿ ಅಲುಗಾಡೋದೇ ಇಲ್ಲ.

ಬ್ರೂನೆಲ್ ಹೆದರಿದ್ದು ಓಡುವುದಕ್ಕೆ. ಸಾಮಾನ್ಯ ಪದ್ಧತಿಯಲ್ಲಿ ಮರದ ಮೇಲೆ ಮರ ಜಾರುತ್ತೆ, ನಡುವೆ ದಪ್ಪಗೆ ಪ್ರಾಣಿಕೊಬ್ಬು ಬಳಿದಿರುತ್ತಾರೆ. ಇವನು ಜಾರುದಾರಿಗೆ ಕಬ್ಬಿಣದ ಹಳಿ ಹಾಕಿಸಿದ, ಹಡಗು ಕೂತ ತೊಟ್ಟಿಲಿನ ಅಡಿಗೂ ಕಬ್ಬಿಣದ ಪಟ್ಟಿ ಹಾಕಿಸಿದ. ಕಬ್ಬಿಣದ ಮೇಲೆ ಕಬ್ಬಿಣ. ಜೊತೆಗೆ ಹಡಗಿನ ಮುಂಭಾಗಕ್ಕೊಂದು, ಹಿಂಭಾಗಕ್ಕೊಂದು ದೊಡ್ಡ ಡ್ರಮ್ ಇಟ್ಟು, ಸರಪಳಿ ಸುತ್ತಿ, ಬ್ರೇಕ್ ಹಾಕಿ ಮೆಲ್ಲಗೆ ಬಿಡುವ ವ್ಯವಸ್ಥೆ ಮಾಡಿದ. ಓಡಬಾರದು ಅಂತ ಇಷ್ಟೆಲ್ಲಾ ಮಾಡಿದ. ಆದರೆ ಅವನಿಗೆ ಎದುರಾದದ್ದು ಇನ್ನೊಂದು ತುದಿ.

3 ನವೆಂಬರ್ 1857

ಈ ಕೆಲಸ ಶಾಂತವಾಗಿ ಆಗಬೇಕು ಅಂತ ಬ್ರೂನೆಲ್ ಬಯಸಿದ್ದ. ಎರಡು ಡ್ರಮ್ಮಿನ ಹತ್ತಿರ ಇದ್ದವರಿಗೆ ಸನ್ನೆ ಕಾಣಬೇಕು, ಕೂಗಿದ್ದು ಕೇಳಬೇಕು. ಮುಂಭಾಗ, ಹಿಂಭಾಗ ಒಟ್ಟಿಗೇ ಸರಿಯಬೇಕು, ಇಲ್ಲದಿದ್ದರೆ ಹಡಗು ಸೊಟ್ಟಗೆ ಸಿಕ್ಕಿಕೊಳ್ಳುತ್ತೆ. ಆದರೆ ಕಂಪನಿಗೆ ದುಡ್ಡಿನ ತಾಪತ್ರಯ. ಅವನಿಗೆ ಹೇಳದೇನೇ 3000ಕ್ಕೂ ಹೆಚ್ಚು ಟಿಕೆಟ್ ಮಾರಿಬಿಟ್ಟಿದ್ದರು. ಯಾರ್ಡಿನ ತುಂಬ ಜನ, ಗದ್ದಲ. ಅವತ್ತು ಹಡಗಿಗೆ ನಾಮಕರಣವೂ ಆಯಿತು, ಲೆವಿಯಾಥನ್ ಅಂತ. ಆ ಹೆಸರು ಉಳಿಯಲಿಲ್ಲ, ಮುಂದೆ ಗ್ರೇಟ್ ಈಸ್ಟರ್ನ್ ಅನ್ನೋದೇ ಗಟ್ಟಿಯಾಯಿತು.

ಮಧ್ಯಾಹ್ನ ತಡೆ ತೆಗೆದು ಜಗ್ಗಲು ಶುರು ಮಾಡಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಮ್ಮೆಲೇ ಹಡಗು ಸರಿಯಿತು. ಹಿಂಭಾಗದ ಡ್ರಮ್ಮಿನ ಹತ್ತಿರ ಇದ್ದವರು ಅದಕ್ಕೆ ತಯಾರಿರಲಿಲ್ಲ. ಸರಪಳಿ ಬಿಗಿದು ಡ್ರಮ್ ತಿರುಗಿತು, ಅದರ ಹಿಡಿಕೆಗಳು ಗಿರ್ರನೆ ಸುತ್ತಿ ಅಲ್ಲಿದ್ದ ಕೆಲಸಗಾರರನ್ನು ಎತ್ತಿ ಎಸೆದವು. ಹಲವರು ಗಾಯಗೊಂಡರು. ಸಾವೂ ಆಯಿತು. ಹಡಗು ಸರಿದದ್ದು ಮೂರ್ನಾಲ್ಕು ಅಡಿ ಮಾತ್ರ.

ಈ ಭಾಗ ಓದಿದಾಗ ನಾನು ಮೊಬೈಲ್ ಪಕ್ಕಕ್ಕಿಟ್ಟೆ. ಪಕ್ಕದ ಕೋಣೆಯಲ್ಲಿ ಕಾಕಾ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ಬಿಗಿದ ಹಗ್ಗ, ಬಿಗಿದ ಸರಪಳಿ ಅಂದರೆ ಒಳಗೆ ತುಂಬಿಟ್ಟ ಎನರ್ಜಿ. ಅದು ಯಾವಾಗ ಬಿಡುಗಡೆ ಆಗುತ್ತೋ ಆವಾಗ ಪಕ್ಕದಲ್ಲಿ ಯಾರು ನಿಂತಿದ್ದಾರೆ ಅನ್ನೋದು ಎಂಜಿನಿಯರ್ ಕೇಳಿಕೊಳ್ಳಬೇಕಾದ ಪ್ರಶ್ನೆ. ನಾನು ಕೇಳಿಕೊಂಡಿರಲಿಲ್ಲ.

ಇಂಚು ಇಂಚು

ನವೆಂಬರ್ 19ಕ್ಕೆ ಮತ್ತೆ ಪ್ರಯತ್ನ ಮಾಡಿದರು, ಆಗಲಿಲ್ಲ. 28ರಿಂದ ಸ್ವಲ್ಪ ಸ್ವಲ್ಪ ಸರಿಯತೊಡಗಿತು. ಸರಪಳಿ ಹರಿಯುತ್ತಿತ್ತು, ಜಾಕ್‌ಗಳು ಒಡೆಯುತ್ತಿದ್ದವು. ಚಳಿಗಾಲ ಬಂತು. ಪತ್ರಿಕೆಗಳು ಗೇಲಿ ಮಾಡಿದವು. ಗೆಳೆಯ ರಾಬರ್ಟ್ ಸ್ಟೀಫನ್‌ಸನ್ ಪಕ್ಕದಲ್ಲಿ ನಿಂತು ಸಲಹೆ ಕೊಟ್ಟ. ಅವನೂ ದೊಡ್ಡ ರೈಲ್ವೆ ಎಂಜಿನಿಯರ್, ಕೆಲಸದಲ್ಲಿ ಬ್ರೂನೆಲ್‌ಗೆ ಪ್ರತಿಸ್ಪರ್ಧಿ ಕೂಡ.

ಒಂದು ಸಲ ಅಲುಗಾಡಿದ ಮೇಲೆ ಪೂರ್ತಿ ಯಾಕೆ ಹೋಗಲಿಲ್ಲ? ನಿಂತ ವಸ್ತುವನ್ನು ಅಲುಗಿಸಲು ಬೇಕಾದ ಬಲ ಜಾಸ್ತಿ, ಚಲಿಸುತ್ತಿರುವುದನ್ನು ಚಲಿಸುತ್ತಲೇ ಇಡಲು ಬೇಕಾದದ್ದು ಕಡಿಮೆ. ಹಡಗು ಪ್ರತಿ ಸಲ ನಿಂತಾಗಲೂ ಮತ್ತೆ ಸ್ಟಾಟಿಕ್ ಫ್ರಿಕ್ಷನ್ ಮೊದಲಿಂದ ಗೆಲ್ಲಬೇಕು. ಅದರ ಮೇಲೆ, ಭಾರವಾದ ವಸ್ತು ಒಂದೇ ಕಡೆ ಕೂತರೆ ಕೆಳಗಿನ ಜಿಡ್ಡು ಹಿಂಡಿ ಹೊರಗೆ ಹೋಗುತ್ತೆ. ಎಷ್ಟು ದಿನ ಕೂರುತ್ತೋ ಅಷ್ಟು ಹಟ. ಬಹಳ ದಿನ ನಿಂತ ಚಕ್ಕಡಿಗೆ ಕೀಲೆಣ್ಣೆ ಹಾಕದೆ ಎತ್ತು ಹೂಡಬಾರದು ಅಂತ ಅಜ್ಜ ಹೇಳೋದು ಇದಕ್ಕೇ ಇರಬೇಕು.

ಕೊನೆಗೆ ಕೆಲಸಕ್ಕೆ ಬಂದದ್ದು ಹೈಡ್ರಾಲಿಕ್ ಜಾಕ್. ಬರ್ಮಿಂಗ್‌ಹ್ಯಾಮಿನ ಟ್ಯಾಂಜಿ ಸಹೋದರರು ಮಾಡಿದ ಜಾಕ್‌ಗಳನ್ನು ದಂಡೆಯ ಕಡೆಯಿಂದ ತೊಟ್ಟಿಲಿಗೆ ಕೊಟ್ಟು ನೂಕಿದರು. ಪ್ಯಾಸ್ಕಲ್ ನಿಯಮ ಎಲ್ಲರಿಗೂ ಗೊತ್ತಲ್ಲ: ಸಣ್ಣ ಪಿಸ್ಟನ್ ಮೇಲೆ ಕೊಟ್ಟ ಒತ್ತಡ ದೊಡ್ಡ ಪಿಸ್ಟನ್ನಿಗೂ ಅಷ್ಟೇ ಮುಟ್ಟುತ್ತೆ. ವಿಸ್ತೀರ್ಣ ನೂರು ಪಟ್ಟು ಇದ್ದರೆ ಬಲವೂ ನೂರು ಪಟ್ಟು. ಪಂಪು ನೂರು ಸಲ ಹೊಡೆದರೂ ಹಡಗು ಹೋಗೋದು ಸ್ವಲ್ಪ. ಆದರೆ ಜರ್ಕ್ ಇಲ್ಲ. ಇಂಚು ಇಂಚಾಗಿ ಹೋಗುತ್ತೆ, ನೂಕೋದು ನಿಲ್ಲಿಸಿದರೆ ನಿಲ್ಲುತ್ತೆ. ಜನವರಿಯ ಹೊತ್ತಿಗೆ ಹಡಗು ನೀರಿನ ಅಂಚಿಗೆ ಬಂತು.

ಕೊನೆಯ ಕೆಲಸ ಮಾಡಿದ್ದು ಜಾಕ್ ಅಲ್ಲ, ನದಿ. 31 ಜನವರಿ 1858, ದೊಡ್ಡ ಭರತದ ದಿನ. ಥೇಮ್ಸ್‌ನಲ್ಲಿ ನೀರು ಏರಿತು. ನೀರು ಏರಿದಷ್ಟೂ ಹಡಗಿನ ಭಾರವನ್ನು ತಾನು ಹೊತ್ತುಕೊಂಡಿತು, ಹಳಿಯ ಮೇಲಿನ ಒತ್ತಡ ಇಳಿಯಿತು. ಒತ್ತಡ ಇಳಿದರೆ ಫ್ರಿಕ್ಷನ್ನೂ ಇಳಿಯಬೇಕು. ನೀರು 3000 ಟನ್ ಹೊತ್ತುಕೊಂಡರೆ ನಮ್ಮ ಎರಡನೇ ಲೆಕ್ಕದ 440 ಟನ್ 330ಕ್ಕೆ ಬರುತ್ತೆ. ಪೂರ್ತಿ ಹೊತ್ತುಕೊಂಡರೆ ಸೊನ್ನೆ. ಹಡಗು ತೇಲಿತು.

ನಮ್ಮ ಹೊಲದಲ್ಲಿ ಅಜ್ಜ ಚೀಲ ಇಳಿಸಿದ್ದೂ ಇದೇ ಕೆಲಸ. (ಎರಿ ಮಣ್ಣಿನಲ್ಲಿ ಹುಗಿಯೋದು ಬರೀ ಫ್ರಿಕ್ಷನ್ ಅಲ್ಲ, ಗಾಲಿ ಕೆಳಗಿಳಿದು ಎದುರಿಗೆ ಮಣ್ಣಿನ ಗೋಡೆ ಆಗುತ್ತೆ. ಆದರೂ ಭಾರ ಇಳಿಸೋ ಉಪಾಯ ಎರಡಕ್ಕೂ ಒಂದೇ.) ಸಿಕ್ಕಿಬಿದ್ದ ಭಾರಕ್ಕೆ ದಾರಿ ಮೂರು: ಭಾರ ಕಡಿಮೆ ಮಾಡು, ಅಡಿಯ ಹಾಸು ಬದಲಿಸು, ಜೋರಾಗಿ ಜಗ್ಗು. ಬ್ರೂನೆಲ್‌ಗೆ ಮೊದಲ ಎರಡು ದಾರಿ ಮುಚ್ಚಿಹೋಗಿದ್ದವು, ಯಾಕಂದ್ರೆ 12,000 ಟನ್ ಹಡಗಿನ ಅಡಿಯ ಹಳಿಯನ್ನು ಆಮೇಲೆ ಬದಲಿಸೋಕೆ ಆಗಲ್ಲ. ನನಗೆ ಮೂರೂ ತೆರೆದಿದ್ದವು. ನಾನು ನೇರ ಮೂರನೆಯದಕ್ಕೆ ಹೋದೆ.

ಸಮುದ್ರದ ಕಡೆ

ತೇಲಿದ ಮೇಲೂ ಒಳಗಿನ ಕೆಲಸ ಬಾಕಿ, ಕಂಪನಿಯಲ್ಲಿ ದುಡ್ಡಿಲ್ಲ. ಹಡಗು ಥೇಮ್ಸ್ ಬಿಟ್ಟು ಸಮುದ್ರದ ಕಡೆ ಹೊರಟದ್ದು 1859ರ ಸೆಪ್ಟೆಂಬರ್ 7ರಂದು. ಬ್ರೂನೆಲ್ ಅದರಲ್ಲಿರಲಿಲ್ಲ. ಎರಡು ದಿನ ಮೊದಲು ಹಡಗಿನ ಮೇಲೇ ಅವನಿಗೆ ಪಾರ್ಶ್ವವಾಯು ಹೊಡೆದು ಮನೆಗೆ ಒಯ್ದಿದ್ದರು.

9ನೇ ತಾರೀಖು ಹೇಸ್ಟಿಂಗ್ಸ್ ಹತ್ತಿರ ಸಮುದ್ರದಲ್ಲಿ ಮುಂದಿನ ಹೊಗೆಕೊಳವೆಯ ಬುಡದಲ್ಲಿ ಸ್ಫೋಟ ಆಯಿತು. ಆ ಕೊಳವೆಯ ಸುತ್ತ ನೀರು ಬಿಸಿ ಮಾಡುವ ಒಂದು ಕವಚ ಇತ್ತು. ಅದರ ಹಬೆ ಹೊರಗೆ ಹೋಗುವ ದಾರಿಯ ವಾಲ್ವ್ ಮುಚ್ಚಿತ್ತು. ಬೆಂಕಿಗೆ ಕಲ್ಲಿದ್ದಲು ಹಾಕುತ್ತಿದ್ದ ಕೆಲಸಗಾರರು ಸುಟ್ಟು ಸತ್ತರು. ಗಟ್ಟಿ ಅಡ್ಡಗೋಡೆಗಳಿದ್ದದ್ದರಿಂದ ಹಡಗು ಮುಳುಗಲಿಲ್ಲ, ತನ್ನ ದಾರಿ ಮುಂದುವರಿಸಿತು. ಸೆಪ್ಟೆಂಬರ್ 15ರಂದು ಬ್ರೂನೆಲ್ ತೀರಿಕೊಂಡ, 53 ವರ್ಷಕ್ಕೆ.

ಮರುವರ್ಷ ಜೂನ್‌ನಲ್ಲಿ ಅದು ಮೊದಲ ಸಲ ನ್ಯೂಯಾರ್ಕಿಗೆ ಹೊರಟಾಗ 4000 ಜನರ ಹಡಗಿನಲ್ಲಿ ದುಡ್ಡು ಕೊಟ್ಟು ಹತ್ತಿದ ಪ್ರಯಾಣಿಕರು 40ಕ್ಕಿಂತ ಕಡಿಮೆ.

ಹಾಗಾದರೆ ಈಗ ಹೇಗೆ?

ಟೈಟಾನಿಕ್ ಎಲ್ಲರಿಗೂ ಗೊತ್ತು. ಅದು ಗ್ರೇಟ್ ಈಸ್ಟರ್ನ್‌ಗಿಂತ ಎರಡು ಪಟ್ಟು ಭಾರದ ಹಡಗು. 1911ರ ಮೇ 31ರಂದು ಬೆಲ್‌ಫಾಸ್ಟಿನಲ್ಲಿ ಅದು ನೀರಿಗಿಳಿಯಲು ತೆಗೆದುಕೊಂಡದ್ದು 62 ಸೆಕೆಂಡ್! ಜಾರುದಾರಿಗೆ ಸುಮಾರು 22 ಟನ್ ಕೊಬ್ಬು, ಸೋಪು ಬಳಿದಿದ್ದರು. ಹಿಂಭಾಗ ಮುಂದಾಗಿ ಉದ್ದಕ್ಕೆ ಜಾರಿತು, ನೀರಿಗಿಳಿದ ಮೇಲೆ ಲಂಗರು, ಸರಪಳಿ ಹಿಡಿದು ನಿಲ್ಲಿಸಿದವು. ಅಂದರೆ ನೆಲದ ಮೇಲೆ ತಡೆಯುವ ಗೋಜಿಗೇ ಹೋಗಲಿಲ್ಲ. ಅಲ್ಲೂ ಆಧಾರದ ಮರ ಬಿದ್ದು ಒಬ್ಬ ಕೆಲಸಗಾರ ಸತ್ತ, 62 ಸೆಕೆಂಡಿನ ಕಥೆ ಹೇಳುವಾಗ ಇದನ್ನು ಯಾರೂ ಹೇಳಲ್ಲ.

ಈಗಿನ ದೊಡ್ಡ ಹಡಗುಗಳಲ್ಲಿ ಬಹಳಷ್ಟು ಜಾರುವುದೇ ಇಲ್ಲ. ಒಣ ಡಾಕ್‌ನಲ್ಲಿ, ಅಂದರೆ ಬಾಗಿಲಿರುವ ದೊಡ್ಡ ಗುಂಡಿಯಲ್ಲಿ ಕಟ್ಟಿ, ನೀರು ಬಿಟ್ಟು ತೇಲಿಸುತ್ತಾರೆ. 2022ರ ಸೆಪ್ಟೆಂಬರ್ 2ರಂದು ನೌಕಾಪಡೆ ಸೇರಿದ ನಮ್ಮ ವಿಕ್ರಾಂತ್ ಕೊಚ್ಚಿಯಲ್ಲಿ ಹೀಗೇ ಮೊದಲ ಸಲ ತೇಲಿತು. ಅದರ ಉದ್ದ 262 ಮೀಟರ್. ಥೇಮ್ಸ್ ಭರತ ಕೊನೆಯ ದಿನ ಮಾಡಿದ ಕೆಲಸವನ್ನು ಇಲ್ಲಿ ಮೊದಲ ದಿನದಿಂದಲೇ ಪ್ಲಾನ್ ಮಾಡಿರುತ್ತಾರೆ.

ನಮ್ಮ ಹುಬ್ಬಳ್ಳಿಯಿಂದ ಘಟ್ಟ ಇಳಿದರೆ ಸಿಗುವ ಕಾರವಾರದಲ್ಲಿ ಇನ್ನೊಂದು ಥರ ಇದೆ. ಅಲ್ಲಿನ ಐಎನ್‌ಎಸ್ ಕದಂಬ ನೌಕಾನೆಲೆಯಲ್ಲಿ 10,000 ಟನ್ ಎತ್ತುವ ಷಿಪ್‌ಲಿಫ್ಟ್ ಇದೆ. ನೀರೊಳಗೆ ಒಂದು ದೊಡ್ಡ ವೇದಿಕೆ, ಎರಡೂ ಪಕ್ಕ ಸಾಲಾಗಿ ವಿಂಚ್. ಹಡಗು ವೇದಿಕೆಯ ಮೇಲೆ ಬಂದು ನಿಂತರೆ ಎಲ್ಲಾ ವಿಂಚ್ ಒಂದೇ ವೇಗದಲ್ಲಿ ಎತ್ತುತ್ತವೆ. ರಿಪೇರಿ ಮುಗಿದ ಮೇಲೆ ಹಾಗೇ ಇಳಿಸುತ್ತವೆ. ಬ್ರೂನೆಲ್ ಮುಂಭಾಗ, ಹಿಂಭಾಗ ಒಟ್ಟಿಗೆ ಸರಿಯಲಿ ಅಂತ ಒದ್ದಾಡಿದ್ದನಲ್ಲ, ಅದೇ ಸಮಸ್ಯೆಗೆ ಉತ್ತರ ಇದು. ಜಾರುವುದನ್ನೇ ತೆಗೆದುಹಾಕಿದರೆ 0.07ರ ಜಗಳವೂ ಇಲ್ಲ.

ನಮ್ಮ ಹತ್ತಿಗೂ ಒಂದು ನಂಟು

ಕಾರವಾರ ಅಂದಾಗ ನೆನಪಾಯ್ತು. ಇದೇ ಹಡಗು ಓಡಾಡುತ್ತಿದ್ದ ಕಾಲದಲ್ಲಿ, 1860ರ ದಶಕದಲ್ಲಿ, ಅಮೆರಿಕದಲ್ಲಿ ಅಂತರ್ಯುದ್ಧ. ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತುಹೋಯಿತು. ಆಗ ಬೇಡಿಕೆ ಬಂದದ್ದು ಧಾರವಾಡ ಜಿಲ್ಲೆಯ ಎರಿ ನೆಲದ ಹತ್ತಿಗೆ. ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು, ಅಲ್ಲಿಂದ ಮುಂಬಯಿ, ಅಲ್ಲಿಂದ ಲಿವರ್‌ಪೂಲ್. ಕಾರವಾರವನ್ನು ಈ ಹತ್ತಿಗಾಗಿ ದೊಡ್ಡ ಬಂದರು ಮಾಡುವ ಲೆಕ್ಕದಲ್ಲಿ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು.

ಗ್ರೇಟ್ ಈಸ್ಟರ್ನ್ ಪ್ರಯಾಣಿಕರನ್ನು ಹೊತ್ತು ಪೂರ್ವಕ್ಕೆ ಬರಲೇ ಇಲ್ಲ. ಆದರೆ 1870ರಲ್ಲಿ ಮುಂಬಯಿಗೆ ಬಂತು, ಹೊಟ್ಟೆ ತುಂಬ ಟೆಲಿಗ್ರಾಫ್ ಕೇಬಲ್ ಹೊತ್ತುಕೊಂಡು. ಅಷ್ಟು ಉದ್ದದ ಕೇಬಲ್ ಒಂದೇ ಸಲ ಹೊರಬಲ್ಲ ಹಡಗು ಬೇರೆ ಇರಲಿಲ್ಲ. ಮುಂಬಯಿಯಿಂದ ಏಡನ್ನಿಗೆ ಸಮುದ್ರದ ತಳದಲ್ಲಿ ತಂತಿ ಹಾಕಿತು. ಅದಕ್ಕೂ ಮೊದಲೇ ಬೇರೆ ದಾರಿಯ ತಂತಿ ಇತ್ತು, ಆದರೆ ಸಂದೇಶ ತಡವಾಗಿ, ತಪ್ಪುತಪ್ಪಾಗಿ ಬರುತ್ತಿತ್ತು. ಈಗ ಲಿವರ್‌ಪೂಲಿನ ಹತ್ತಿ ರೇಟು ಮುಂಬಯಿಗೆ ಕೆಲವೇ ಗಂಟೆಯಲ್ಲಿ ಮುಟ್ಟತೊಡಗಿತು. ಪ್ರಯಾಣಿಕರ ಹಡಗಾಗಿ ಸೋತದ್ದು ಕೇಬಲ್ ಹಡಗಾಗಿ ಗೆದ್ದಿತು. 1889ರಲ್ಲಿ ಅದನ್ನು ಒಡೆಯಲು ಶುರು ಮಾಡಿದಾಗ, ಒಡೆಯೋದಕ್ಕೂ ವರ್ಷದ ಮೇಲೆ ಬೇಕಾಯಿತು. ಅಷ್ಟು ಗಟ್ಟಿ.

ಕೊನೆಗೆ

ಬ್ರೂನೆಲ್ ದಡ್ಡ ಅಂತ ಹೇಳೋಕೆ ನಾನು ಇದನ್ನು ಬರೀಲಿಲ್ಲ. ಅವನ ಹಡಗಿನ ವಿನ್ಯಾಸ ಅದ್ಭುತ. ಆದರೆ ಹಡಗು ಕಟ್ಟೋದು ಒಂದು ಪ್ರಾಬ್ಲಂ, ಅದನ್ನು ಕಟ್ಟಿದ ಜಾಗದಿಂದ ಹೊರಗೆ ತರೋದು ಇನ್ನೊಂದು ಪ್ರಾಬ್ಲಂ. ಎರಡನೆಯದನ್ನೂ ಮೊದಲ ಡ್ರಾಯಿಂಗಿನಲ್ಲೇ ಬಿಡಿಸಬೇಕು. ಸಿಕ್ಕಿಕೊಂಡ ಮೇಲೆ ಉಳಿಯೋದು ಜಗ್ಗೋದು ಒಂದೇ. ಆಗ ಅದರ ಬೆಲೆ ಕೊಡೋರು ಡ್ರಮ್ಮಿನ ಹತ್ತಿರ, ಹಗ್ಗದ ಹತ್ತಿರ ನಿಂತವರು.

ಕಾಕಾನ ಕೈ ಈಗ ಪರವಾಗಿಲ್ಲ. ಪೂರ್ತಿ ಮಡಚಲು ಬರಲ್ಲ, ಹಾಲು ಕರೆಯೋದು ಈಗ ಕಾಕಿಯ ಕೆಲಸ. "ಹೇ ಬಿಡೋ, ಏನಾಗೇತಿ" ಅಂತಾರೆ. ಈ ವರ್ಷ ಹೆಸರು ತುಂಬುವಾಗ ನಾನು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಟ್ರ್ಯಾಲಿಯನ್ನು ಹೊಲದೊಳಗೆ ಒಯ್ಯದೆ ಗಟ್ಟಿ ದಾರಿಯ ಮೇಲೇ ನಿಲ್ಲಿಸಿದ್ದು. ಚೀಲ ಹೊತ್ತು ತರೋದು ಜಾಸ್ತಿ ಆಯಿತು, ಬೆನ್ನು ನೋವು ಬಂತು. ಅಜ್ಜ ಏನೂ ಹೇಳಲಿಲ್ಲ. ಚಹಾ ಕುಡಿಯುವಾಗ ಮಾತ್ರ ಕೇಳಿದರು, "ತಮ್ಮಾ, ಆ ಹಡಗಾ ಕಡೀಕ ನೀರಿಗೆ ಇಳೀತೇನ?"

ಇಳೀತು ಅಜ್ಜಾ ಅಂದೆ.

ನಿಮಗೊಂದು ಲೆಕ್ಕ: ಅದೇ ಹಡಗು, ಅದೇ ಇಳಿಜಾರು, ಮ್ಯೂ 0.10. ನೀರು ಏರಿ 6000 ಟನ್ ಹೊತ್ತುಕೊಂಡಿದೆ. ಈಗ ಎಷ್ಟು ಟನ್ ನೂಕಬೇಕು? ಉತ್ತರ ಬರೆಯುವ ಮೊದಲು, ನೂಕುವವರು ಎಲ್ಲಿ ನಿಲ್ಲಬೇಕು ಅಂತ ಚಿತ್ರದಲ್ಲಿ ಗುರುತು ಮಾಡಿ.